ಇತರೆ

ಯಾದಗಿರಿ ದನದ ದವಾಖಾನಿ ರಿಜಿಸ್ಟರಿನಾಗ
ಎತ್ತಿಗೊಂದು ಮನಿ ಅದ, ಎಮ್ಮಿಗೊಂದು,
ಕುರಿ, ಆಡು, ಕೋಳಿ, ನಾಯಿ,
ಕಡೀಕ ಬೆರಳಗಲ ಜಾಗ: ಇತರೆ.
ಇಪ್ಪತ್ತಾರು ವರ್ಷದಾಗ ಅಲ್ಲಿ
ನಾ ಬರದದ್ದು ಎರಡೇ ಸಲ.
ಒಮ್ಮೆ ಸರ್ಕಸ್ಸಿನ ಒಂಟಿ,
ಇನ್ನೊಮ್ಮೆ ಇದು.

ಡಾಕ್ಟರು ಲಸಿಕಿ ಹಾಕ್ಲಿಕ್ಕಿ ಶಹಾಪುರಕ್ಕ ಹೋಗಿದ್ರು.
ಟಂಟಂ ಮಲಕಪ್ಪನ ಮಗಳು ಗೌತಮಿ
ಹಿಟ್ಟಿನ ಡಬ್ಬಿ ತಂದು ಟೇಬಲ್ ಮ್ಯಾಲ ಇಟ್ಟಳು.
ಒಳಗ ಅಂಗೈಯಗಲ ಆಮಿ,
ಕಿವಿಯಂಚಿಗಿ ಕೆಂಪು ಪಟ್ಟಿ, ಯಾರೋ ಕುಂಕುಮ ಎಳದಂಗ.
ಕಣ್ಣೆರಡೂ ಬಾತು ಮುಚ್ಚಿದ್ವು.
ಹೈದ್ರಾಬಾದಿನ ಅಂಗಡ್ಯಾಗ ತಂದಾಗ
ಐದ್ರೂಪಾಯಿ ನಾಣ್ಯದಷ್ಟಿತ್ತಂತ.
"ಇಷ್ಟೇ ಇರ್ತದ, ಬೆಳ್ಯಂಗಿಲ್ಲ" ಅಂದಿದ್ನಂತ ಮಾರಿದವ.
"ಏನ್ ತಿನಸ್ತಿ?"
"ಅನ್ನರಿ. ಐತಾರಕ್ಕೊಮ್ಮೆ ಚುರುಮುರಿ."
ಬೆನ್ನು ಒತ್ತಿ ನೋಡಿದೆ.
ನೆನಸಿಟ್ಟ ತೊಗಲಿನಂಗ ಒಳಗ ಹೋಯ್ತು.

ನಾ ಕಂಪೌಂಡರ್. ಊರು ಡಾಕ್ಟರ್ ಸಾಬಣ್ಣ ಅಂತದ,
ನಾನೂ ಬ್ಯಾಡ ಅಂದಿಲ್ಲ.
ಎಮ್ಮಿ ಹೊಟ್ಟ್ಯಾಗ ಕರು ಅಡ್ಡ ಸಿಕ್ಕಾಗ
ಮೊಣಕೈ ತನಕ ಕೈ ಹಾಕಿ ತಿರಿವಿದವ ನಾ.
ಆ ಸೊಕ್ಕಿನಾಗೇ ಹೇಳ್ದೆ:
"ಬಿಸಲು ಬೇಕದಕ್ಕ. ಮಾಳಗಿ ಮ್ಯಾಲ ಇಡು, ಗಟ್ಟಿ ಆಗ್ತದ."

ಮಾತು ಸುಳ್ಳಲ್ಲ.
ಆದ್ರ ಅದು ಏಪ್ರಿಲ್ ಕಡೀ ವಾರ.
ನಮ್ಮ ಬಿಸಲು ಔಷಧ ಹೌದು, ಅಳತಿ ಚಮಚ ಇಲ್ಲದ ಔಷಧ.
ಮಧ್ಯಾಹ್ನದಷ್ಟೊತ್ತಿಗಿ
ಪ್ಲಾಸ್ಟಿಕ್ ಬುಟ್ಟ್ಯಾಗಿನ ನಾಕು ಬೆರಳು ನೀರು
ಚಹಾ ಆಗಿತ್ತು.
ಅರ್ಧಕ್ಕ ನೆರಳು ಮಾಡು ಅಂತ ನಾ ಹೇಳಿದ್ದಿಲ್ಲ.
ನಂಗೇ ಗೊತ್ತಿದ್ದಿಲ್ಲ.

ಓಢಣಿಯಾಗ ಸುತ್ತಿಕೊಂಡು ಓಡಿ ಬಂದಳು, ಬರಿಗಾಲಾಗ.
ಬಾಯಿ ತೆರದಿತ್ತು ಅದು.
ಎಮ್ಮಿ ಆದ್ರ ಒದರ್ತದ, ನಾಯಿ ಕುಂಯ್ ಅಂತದ,
ಇದು ಸಾಯೂದೂ ಸುಮ್ಮ ಕೂಡೂದೂ
ಒಂದೇ ಥರ ಮಾಡ್ತದ.
ತಣ್ಣೀರು ಹಾಕ್ಲೋ, ಬ್ಯಾಡೋ?
ಸೂಜಿ ಹಿಡಿದ್ರ ನಡುಗದ ಕೈ
ಫೋನಿನ ಮ್ಯಾಲ ನಡುಗಿತು.
ಬೀದರಿನ ದನದ ಕಾಲೇಜಿಗಿ ಹಚ್ಚಿ ಅಂದೆ:
"ಸರ್, ನಂಗ ಗೊತ್ತಿಲ್ರಿ."

ಆ ಮಾತು ಬಾಯಿಗಿ ಬರ್ಲಿಕ್ಕಿ
ಇಪ್ಪತ್ತಾರು ವರ್ಷ ಹಿಡೀತು.

ಅವರು ಹೇಳ್ದಂಗ ಮಾಡಿದೆ. ನೆರಳಿಗಿ ತಂದೆ,
ನೀರು ಒಮ್ಮೆಗೇ ಅಲ್ಲ, ಹಂತ ಹಂತಕ್ಕ ತಂಪು.
ಹೊತ್ತು ಮುಣುಗೂ ಮುಂದ
ಹಿಂದಿನ ಕಾಲೊಂದು ಅಲುಗಾಡ್ತು,
ಗೌತಮಿ ಗ್ವಾಡಿ ಕಡಿ ಮಾರಿ ಮಾಡಿ ಅತ್ತಳು.

ಆಮ್ಯಾಲ ತಿಳೀತು, ಇದು ತಾಟಿನಷ್ಟಾಗ್ತದ,
ಡಬ್ಬಿ ಅಲ್ಲ ಹೊಂಡ ಬೇಕದಕ್ಕ,
ಏರಿ ಕೂಡ್ಲಿಕ್ಕಿ ಒಣಗಿದ ಕಲ್ಲು ಬೇಕು,
ಚಂದ ನೋಡ್ಕೊಂಡ್ರ ಮೂವತ್ತು ವರ್ಷ ಬದಕ್ತದ.
ಮಲಕಪ್ಪ ತಲಿ ಕೆರಕೊಂಡ:
"ಭೀಮಾದಾಗ ಬಿಟ್ಟು ಬರ್ತೀನ್ ಬಿಡ್ರಿ, ಪುಣ್ಯಾನೂ ಬರ್ತದ."
"ಇದು ಆ ನೀರಿಂದಲ್ಲೋ, ದೂರ ದೇಶದ್ದು.
ಅಲ್ಲಿರೂ ನಮ್ಮ ಆಮಿಗೋಳ ಪಾಲು ತಿಂತದ,
ಇದರ ರೋಗ ಅವಕ್ಕ ಹತ್ತತದ.
ಯಾರ ಪುಣ್ಯ ಅದು?"

ಔಷಧ ಚೀಟಿ ಹಿಂದ ಹುಡುಗಿ ಲೆಕ್ಕ ಮಾಡಿದಳು.
ಹತ್ತಕ್ಕ ಮೂವತ್ತು ಕೂಡಿದ್ರ ನಾಕತ್ತು.
ನಾನೂ ಮನಸಿನಾಗೇ ಮಾಡಿದೆ:
ಐವತ್ತಾರು, ಮೂವತ್ತು.
ನಗು ಬಂತು.
"ನಂಗ ಕೊಡು, ನಾ ಸಾಕ್ತೀನಿ" ಅನ್ನೂದು
ನಾಲಿಗಿ ತುದೀಗಿ ಬಂದಿತ್ತು ನೋಡ್ರಿ.
ಬಾಡಿಗಿ ಮನಿ, ಅಂಗಳಿಲ್ಲ,
ನಾಕು ದಿನಕ್ಕೊಮ್ಮೆ ನೀರು ಬಿಡೂ ನಳ.
ಎರಡನೇ ಸಲ ಸೊಕ್ಕು ಮಾಡಬ್ಯಾಡ ಸಾಬಣ್ಣ ಅಂತ
ನುಂಗಿದೆ.

ಸೋಮಾರ ಬೀದರ ಬಸ್ಸಿಗಿ ಹತ್ತಿಸಿದ್ವಿ.
ಅಲ್ಲಿ ಸಿಮೆಂಟಿನ ಹೊಂಡ ಅದ, ಕಲಿಯೂ ಹುಡುಗ್ರು ಅದಾರ,
ಡಬ್ಬಿಗಿ ತೂತು ಹೊಡದಿದ್ವಿ, ಹಸಿ ಅರಿಬಿ ಹಾಸಿದ್ವಿ.
ರಿಜಿಸ್ಟರಿನಾಗ ಬರದೆ:
ಇತರೆ, ಒಂದು.
ಚಿಕಿತ್ಸೆ: ತಿಳಿದವರ ಕಡಿಗಿ ಕಳಿಸೀನಿ.

ಬಸ್ಸು ಹೋದ ಮ್ಯಾಲ ಗೌತಮಿ ಕೇಳಿದಳು,
"ಕಾಕಾ, ಅದಕ್ಕ ನನ್ನ ನೆನಪಿರ್ತದೇನ್ರಿ?"

"ಗೊತ್ತಿಲ್ಲವ್ವ" ಅಂದೆ.
ಈ ಸಲ ಏನೂ ಹೊತ್ತು ಹಿಡೀಲಿಲ್ಲ.